ಪಾರದರ್ಶಕ ಹಾಳೆಯ ಸೂಚನಾಪತ್ರ ಬರೆದವರಿಗೆ

ಅಕ್ರಿಲಿಕ್ ಹಾಳೆಗಳ ಕಂಪನಿಯಲ್ಲಿ ಸೂಚನಾಪತ್ರ ಬರೆಯುವ ಮಹನೀಯರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ, ತಮ್ಮ ಮನೆಮಂದಿಯೂ, ತಮ್ಮ ಮನೆಯಲ್ಲಿ ಇನ್ನೂ ಬಿರುಕು ಬಿಡದೆ ಉಳಿದಿರುವ ವಸ್ತುಗಳೂ ಕ್ಷೇಮವೆಂದು ನಂಬಿ, ಚರ್ಮ ಸುಲಿದ ಬೆರಳಿನಿಂದಲೇ ಈ ಬಿನ್ನಹ ಬರೆಯುತ್ತಿದ್ದೇನೆ. ನಾನು ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವವಳು. ಊರವರ ಎಲುಬೆಲ್ಲ ನನಗೆ ಕಾಣುತ್ತದೆ. ನಮ್ಮ ಮನೆಯ ಡಬ್ಬಿಗಳಲ್ಲಿ ಏನಿದೆಯೆಂಬುದು ಮಾತ್ರ ಕಾಣುವುದಿಲ್ಲ.

ಕಾಣಬೇಕಾದದ್ದು ನನಗಲ್ಲ, ನಮ್ಮ ಅತ್ತೆಗೆ. ನಲವತ್ತು ವರ್ಷ ಬಟ್ಟೆ ಹೊಲಿದ ಕೈ ಅವರದು. ಈಚೆಗೆ ಮರೆವು ಹೆಚ್ಚಿ, ಕತ್ತರಿ ಹುಡುಕಲು ಹೊರಟವರು ಹತ್ತು ಡಬ್ಬಿ ನೆಲಕ್ಕೆ ಸುರಿದು, ಹುಡುಕುತ್ತಿದ್ದುದು ಏನೆಂಬುದನ್ನೂ ಮರೆತು, ಅವುಗಳ ನಡುವೆ ಕೂತುಬಿಡುತ್ತಿದ್ದರು. ನಮ್ಮನ್ನು ಕೇಳಲು ಸಂಕೋಚ. ಒಂದು ದಿನ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ, "ಇದನ್ನ ಯಾರಿಗಾದ್ರೂ ಕೊಟ್ಬಿಡಮ್ಮ, ಇನ್ನು ನನ್ನ ಕೈಲಾಗಲ್ಲ" ಎಂದರು. ಆ ವಾರವೇ ನಾನು ಹಳೆಯ ಮಂಚದ ಹಲಗೆಗಳನ್ನು ಕೊಯ್ದು ಆರು ಡ್ರಾಯರುಗಳ ಕಪಾಟು ಕಟ್ಟಿದೆ. ಒಳಗಿರುವುದೆಲ್ಲ ಹೊರಗಿನಿಂದಲೇ ಕಾಣಲೆಂದು, ಡ್ರಾಯರಿನ ಮುಂಭಾಗದ ಅಳತೆಗೆ ಕತ್ತರಿಸಿದ ತಮ್ಮ ಹಾಳೆಗಳನ್ನು ತಂದೆ. ಅನುಮಾನದ ಬುದ್ಧಿ ನನ್ನದು, ಎಂಟು ತಂದೆ.

"ಯಾರು ಬೇಕಾದರೂ ಅರ್ಧ ಗಂಟೆಯಲ್ಲಿ ಜೋಡಿಸಬಹುದು" ಎಂಬ ತಮ್ಮ ವಾಕ್ಯದ ಸೊಗಸಿಗೆ ತಲೆಬಾಗುತ್ತೇನೆ. ತೂತು ಕೊರೆದು ಸ್ಕ್ರೂವನ್ನು ಚೆನ್ನಾಗಿ ಬಿಗಿಯಿರಿ ಎಂದು ಅಪ್ಪಣೆ ಕೊಡಿಸಿದ್ದೀರಿ. ಸ್ಕ್ರೂವಿನ ಕೊನೆಯ ಸುತ್ತು ತಿರುಗಿಸುವಷ್ಟರಲ್ಲಿ ಮೊದಲ ಹಾಳೆ ಮೂಲೆಯಿಂದ ಮೂಲೆಗೆ ಸೀಳಿತು. ನಮ್ಮ ಆಸ್ಪತ್ರೆಯಲ್ಲಾದರೆ ಇಂಥ ಬಿರುಕಿಗೆ ಪಟ್ಟಿ ಕಟ್ಟಿ ಆರು ವಾರದ ವಿಶ್ರಾಂತಿ ಹೇಳುತ್ತಾರೆ. ತಮ್ಮ ಪತ್ರ ಈ ವಿಷಯದಲ್ಲಿ ಮೌನವ್ರತ ಹಿಡಿದಿದೆ. ಎರಡನೆಯದಕ್ಕೆ, ತಾವೇ ಸೂಚಿಸಿದಂತೆ, ಕ್ಷಣದಲ್ಲಿ ಅಂಟುವ ಗೋಂದು ಹಚ್ಚಿದೆ. ಅದು ಹಾಳೆಯನ್ನೂ ಹಿಡಿಯಿತು, ನನ್ನ ಬೆರಳನ್ನೂ ಹಿಡಿಯಿತು, ಸಂಜೆಯ ಹೊತ್ತಿಗೆ ಅಂಚಿನಿಂದ ಒಳಕ್ಕೆ ಬಿಳಿ ಮಬ್ಬಾಗಿ ಹಬ್ಬಿತು. ಮಬ್ಬನ್ನು ಥಿನ್ನರ್ ಹಾಕಿ ಒರೆಸಿದರೆ ಜೇಡರ ಬಲೆಯಂಥ ಗೆರೆಗಳೆದ್ದವು. ಪಾರದರ್ಶಕ ವಸ್ತುವನ್ನು ಮರದ ಹಲಗೆಗಿಂತಲೂ ಗುಟ್ಟಿನದಾಗಿಸುವ ಈ ವಿದ್ಯೆಗೆ ತಮಗೊಂದು ಶಾಲು ಹೊದಿಸಲೇಬೇಕು. ಇಷ್ಟು ಹೊತ್ತೂ ಸಲಹಾ ಸಮಿತಿಯಂತೆ ಕುರ್ಚಿಯಲ್ಲಿ ಕೂತಿದ್ದ ನನ್ನ ಗಂಡ, "ಬಡಗೀನ ಕರೆಸಿದ್ರೆ ಆಗ್ತಿತ್ತು" ಎಂದು ನಿಮ್ಮ ಕಂಪನಿಯ ಪರವಾಗಿ ವಾದಿಸಿದರು.

ಮೂರನೆಯ ಹಾಳೆಗೆ ಡ್ರಿಲ್ ಇಡುವಾಗ ಅತ್ತೆ ಬಂದು ಪಕ್ಕದಲ್ಲಿ ಕೂತರು. ಸೀಳಿದ ಹಾಳೆಯ ತೂತಿನ ಮೇಲೆ ಬೆರಳಾಡಿಸಿ, "ಸ್ಕ್ರೂಗಿಂತ ತೂತು ಒಂದೆಳೆ ದೊಡ್ಡದಿರ್ಲಿ ಕಣಮ್ಮ. ಅಂಗಿ ಕಂಕುಳೂ ಹಾಗೇ, ಕೈಯಾಡೋಕೆ ಜಾಗ ಬಿಡದೆ ಹೊಲಿದ್ರೆ ಅಲ್ಲೇ ಹರಿಯುತ್ತೆ" ಎಂದರು. ಎಷ್ಟೋ ತಿಂಗಳಿಂದ ಅವರು ಯಾವ ಮಾತನ್ನೂ ಇಷ್ಟು ಖಚಿತವಾಗಿ ಆಡಿರಲಿಲ್ಲ. ಆಮೇಲೆ ಹಳೆಯ ಕೋಟಿನ ದಪ್ಪ ಬಟ್ಟೆಯಿಂದ ಪುಟ್ಟ ಬಿಲ್ಲೆಗಳನ್ನು ಕತ್ತರಿಸಿ, ಒಂದೊಂದು ಸ್ಕ್ರೂವಿನ ತಲೆಯಡಿಗೂ ಒಂದೊಂದನ್ನು ಇಡಿಸಿ, "ಸಾಕು, ಬಿಗೀಬೇಡ" ಎಂದು ನನ್ನ ಕೈ ತಡೆದರು. ಉಳಿದ ಆರರಲ್ಲಿ ಒಂದೂ ಸೀಳಲಿಲ್ಲ.

ಮರುದಿನ ಡ್ಯೂಟಿಗೆ ಹೊರಡುವಾಗ ನೋಡುತ್ತೇನೆ, ನನ್ನ ಬಿಳಿ ಕೋಟಿನಲ್ಲಿ ನೇತಾಡುತ್ತಿದ್ದ ಗುಂಡಿ ಗಟ್ಟಿಯಾಗಿ ಕೂತಿದೆ. ಸೂಜಿ ಎಲ್ಲಿ, ನೂಲು ಎಲ್ಲಿ ಎಂದು ಅತ್ತೆ ಯಾರನ್ನೂ ಕೇಳಿರಲಿಲ್ಲ. ಯಂತ್ರ ಕೊಟ್ಟುಬಿಡುವ ಮಾತನ್ನು ಮತ್ತೆ ಎತ್ತಲೂ ಇಲ್ಲ.

ಆದಕಾರಣ ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ಮುದ್ರಣದಲ್ಲಿ ಸೂಚನಾಪತ್ರವನ್ನು ಪೂರ್ತಿ ಕೈಬಿಟ್ಟು, ಪ್ರತಿಯೊಂದು ಪೊಟ್ಟಣದ ಜೊತೆಗೂ ಹೊಲಿಗೆ ಬಲ್ಲ ಒಬ್ಬ ಅತ್ತೆಯನ್ನು ಕಳುಹಿಸಿಕೊಡಬೇಕು. ನಮ್ಮವರನ್ನು ಮಾತ್ರ ಕೇಳಬೇಡಿ. ಕೊಡುವುದಿಲ್ಲ.

ಸುಲಿದ ಬೆರಳೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಜೋಡಿಸಿ ಕೈಮುಗಿಯುತ್ತಾ,

ತಮ್ಮ ವಿಶ್ವಾಸಿ,
ಎಕ್ಸ್‌ರೇ ಕೋಣೆಯವಳು

ಮರೆತ ಮಾತು: ದೂರು ಹೇಳಲು ತಮ್ಮ ಕಚೇರಿಗೆ ಎರಡು ಸಲ ಬಂದು, ಮುಚ್ಚಿದ ಬಾಗಿಲು ಬಡಿದು ವಾಪಸಾದೆ. ದಯವಿಟ್ಟು ಆ ಬಾಗಿಲಿಗೂ ತಮ್ಮದೇ ಒಂದು ಹಾಳೆ ಹಾಕಿಸಿ. ಒಳಗೆ ಯಾರಾದರೂ ಇದ್ದೀರೋ ಇಲ್ಲವೋ, ನೋಡಿಕೊಂಡಾದರೂ ಹೋಗುತ್ತೇವೆ.