ಹುಸೇನಸಾಬರ ಖರೆ ವಯಸ್ಸು

ನನಗೆ ಅನುಮಾನದ ಜಡ್ಡಿದೆ. ಅಮೀನಗಡದ ಅಂಗಡಿಯವನು ರುಚಿ ನೋಡಲೆಂದು ಕರದಂಟಿನ ಚೂರು ಕೊಟ್ಟರೆ, ಹಳೆಯದನ್ನು ಖಾಲಿ ಮಾಡುತ್ತಿದ್ದಾನೆ ಎಂದುಕೊಂಡೇ ತಿನ್ನುತ್ತೇನೆ. ತಿನ್ನುವುದನ್ನೇನೂ ಬಿಡುವುದಿಲ್ಲ. ಇದು ಹುಟ್ಟುಗುಣವಲ್ಲ, ಓದಿ ಸಂಪಾದಿಸಿದ್ದು. ಬಾಗಲಕೋಟೆಯ ಸಂತೆಯಲ್ಲಿ ಲೆಕ್ಕ ತಪಾಸಣೆಯ ಹಳೇ ಪುಸ್ತಕವೊಂದು ಸಿಕ್ಕಿತ್ತು. ಅನುಮಾನ ಪಡುವುದು ಹೇಗೆಂದು ಅದರಲ್ಲಿ ಸೊಗಸಾಗಿ ಬರೆದಿತ್ತು. ನಿಲ್ಲಿಸುವುದು ಯಾವಾಗ ಎಂಬುದು ಕೊನೆಯ ಪುಟಗಳಲ್ಲಿ ಇದ್ದಿರಬೇಕು. ಅವನ್ನು ಗೆದ್ದಲು ತಿಂದಿತ್ತು.

ಈ ವಿದ್ಯೆಯಿಂದಲೇ ನಾನು ನಮ್ಮೂರ ಪುರಸಭೆ ನೌಕರರ ಫಂಡಿಗೆ ಕಾರ್ಯದರ್ಶಿಯಾದೆ. ಮುಪ್ಪಿನ ಕಾಲಕ್ಕೆಂದು ಪಗಾರದಲ್ಲಿ ನಮ್ಮದೊಂದು ಪಾಲು, ಪುರಸಭೆಯದೊಂದು ಪಾಲು, ಸದಸ್ಯರೇ ಮಾಲಕರು. ಐವತ್ತೈದು ತುಂಬಿ ನಿವೃತ್ತನಾದವನಿಗೆ ಎರಡೂ ಪಾಲು ಸಿಗುತ್ತವೆ. ಮೊದಲೇ ಬಿಟ್ಟರೆ ಅವನದಷ್ಟೇ. ಪುರಸಭೆಯ ಪಾಲು ಉಳಿದ ಸದಸ್ಯರಿಗೆ. ಈ ನಿಯಮ ಬಂದ ಮೇಲೆ ಯಾರಾದರೂ ಕೆಮ್ಮಿದರೆ ಸಾಕು, "ನೌಕರಿ ಬಿಟ್ಟು ಆರಾಮ ಇರ್ರಲಾ" ಎಂದು ಉಳಿದವರು ಭಾಳ ಪ್ರೀತಿಯಿಂದ ಹೇಳತೊಡಗಿದರು.

ಹೀಗಿರುವಾಗ ಒಂದು ಮುಂಜಾನೆ ಹುಸೇನಸಾಬರು ಬಂದರು. ಹುನಗುಂದದ ದಾರಿಯ ಜಕಾತಿ ನಾಕೆಯಲ್ಲಿ ಸುಂಕಕ್ಕಾಗಿ ಚಕ್ಕಡಿ ನಿಲ್ಲಿಸುವ ಸಿಪಾಯಿ, ನಮ್ಮ ಓಣಿಯವರೇ.

"ತಮ್ಮಾ, ನನ್ನ ಬಿಟ್ಟ ಬಿಡು. ಮೊಣಕಾಲು ಚಕ್ಕಡಿ ಗಾಲಿಗಿಂತ ಜೋರ ಕಿರ್ ಅಂತಾವ. ಚೊಳಚಗುಡ್ಡದಾಗ ಮಗಳ ಮನಿ ಐತಿ. ಫಂಡಿನ ರೊಕ್ಕ ಪೂರಾ ಬಂದ್ರ ಅಲ್ಲೊಂದು ಬಳಿ ಅಂಗಡಿ ಇಟ್ಕೊಂಡು ಕುಂತಲ್ಲೇ ಬದುಕ್ತೇನಿ."

ದಫ್ತರ ತೆಗೆದೆ. "ನಿಮಗಿನ್ನೂ ನಲವತ್ತೆಂಟು, ಕಾಕಾ."

"ಯಪ್ಪಾ, ನನ್ನ ತಮ್ಮಗ ನಲವತ್ತೆಂಟಾಗಿ ಐದು ವರ್ಷಾತು! ಆಗ ಇಪ್ಪತ್ತೈದರ ಒಳಗಿನವರನ್ನಷ್ಟ ತಗೋತಿದ್ರು. ಗಡ್ಡಾ ಬೋಳಿಸ್ಕೊಂಡು ಬಂದು ಏಳು ವರ್ಷ ಕಮ್ಮಿ ಹೇಳ್ದೆ."

"ಆವತ್ತು ಸುಳ್ಳು ಹೇಳಿದವರು ಇವತ್ತ ಖರೆ ಹೇಳ್ತೀರಿ ಅಂತ ಹ್ಯಾಂಗ ನಂಬಲಿ?"

ದಫ್ತರದ ವಯಸ್ಸು ತಪ್ಪೆಂದು ಕಾರ್ಯದರ್ಶಿಗೆ ಮನವರಿಕೆಯಾದರೆ ಶಿಫಾರಸು ಮಾಡಬಹುದೆಂಬ ನಿಯಮವೇನೋ ಇತ್ತು. ಆದರೆ ನನಗೆ ಮನವರಿಕೆ ಮಾಡಿಸುವುದು ಅಷ್ಟು ಸುಲಭವೇ? ಎರಡು ವಾರ ವಿಚಾರಣೆ ನಡೆಸಿದೆ. ಹಲ್ಲು ಎಣಿಸಿದೆ. ಪ್ಲೇಗು ಬಂದಾಗ ಎಮ್ಮೆ ಕಾಯುತ್ತಿದ್ದೆ ಎಂದರು. ಯಾವ ಪ್ಲೇಗು ಎಂದು ಕೇಳಿದೆ. "ಅದರ ಹೆಸರು ಕೇಳಾಕ ಯಾರು ನಿಂತಿದ್ರೋ, ಎಲ್ಲಾರೂ ಓಡಿದ್ವಿ" ಎಂದರು. ಕೊನೆಗೆ ಬೇಸತ್ತು, ನನ್ನದೇ ಪುಟ ತೆರೆದು ಅವರ ಮುಂದೆ ಹಿಡಿದೆ.

"ಕಾಗದ ಅಂದ್ರ ಹಿಂಗಿರಬೇಕು, ಕಾಕಾ. ಸಾಲಿ ದಾಖಲೆ. ಹದಿನೆಂಟು ತುಂಬಿದ ವಾರಕ್ಕ ಸರಿಯಾಗಿ ನೌಕರಿಗೆ ಸೇರೇನಿ. ಒಂದು ದಿನಾನೂ ಆಚೀಚಿ ಇಲ್ಲ."

ಹುಸೇನಸಾಬರು ಆ ಪುಟವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ನಕ್ಕರು.

"ಇದನ್ನ ಬರಸಿದಾಂವ ಯಾರು, ಗೊತ್ತೈತೇನು? ನಿಮ್ಮಪ್ಪ ಬಾದಾಮಿಗೆ ಹೋಗಿದ್ದ. ನಿನ್ನ ಹೆಗಲ ಮ್ಯಾಲೆ ಹೊತ್ಕೊಂಡು ಸಾಲಿಗೆ ಒಯ್ದಾಂವ ನಾ. ನಿನಗಾಗ ನಾಕೂವರಿ ವರ್ಷ. ನಿನ್ನ ಕಾಟಕ್ಕ ನಿಮ್ಮವ್ವ ಸಾಕಾಗಿದ್ಲು. ಮಾಸ್ತರ ಕೇಳಿದ್ರು, ಇವತ್ತಿಗೆ ಆರು ತುಂಬ್ಯಾವ್ರಿ ಅಂದೆ. ಗೋಡಿ ಮ್ಯಾಲಿನ ಕ್ಯಾಲೆಂಡರ್ ನೋಡಿ ಬರಕೊಂಡ್ರು."

ಶಾಲೆಗೆ ಸೇರಿದ ತಾರೀಖೂ ಹುಟ್ಟಿದ ತಾರೀಖೂ ಒಂದೇ ಹೇಗಾಯಿತೆಂಬ ಅನುಮಾನ, ಊರನ್ನೆಲ್ಲ ಅನುಮಾನಿಸಿದ ನನಗೆ ಒಮ್ಮೆಯೂ ಬಂದಿರಲಿಲ್ಲ! ಹಾಗಾದರೆ ನೌಕರಿಗೆ ಸೇರಿದಾಗ ನನಗೆ ಹದಿನಾರೂವರೆ; ಹದಿನೆಂಟು ತುಂಬದವನನ್ನು ಪುರಸಭೆ ತೆಗೆದುಕೊಳ್ಳುವುದೇ ಇಲ್ಲ. ನೌಕರಿ, ಫಂಡು, ಕಾರ್ಯದರ್ಶಿಯ ಕುರ್ಚಿ, ಎಲ್ಲವೂ ಈ ಮನುಷ್ಯನ ಬಾಯಿಮಾತಿನ ಮೇಲೆ ನಿಂತಿವೆ.

"ಸುಳ್ಳು ಹೇಳಬ್ಯಾಡ್ರಿ, ಕಾಕಾ" ಎಂದೆ, ದನಿ ತಗ್ಗಿಸಿ.

"ಹೂಂ, ಸುಳ್ಳ ಇರಬೌದಪಾ" ಎಂದರು ಅವರೂ ದನಿ ತಗ್ಗಿಸಿ. "ನನ್ನ ಮಾತು ನೀ ಎಲ್ಲಿ ನಂಬ್ತಿ? ಹೆಡ್ ಕ್ಲಾರ್ಕ ಸಾಹೇಬ್ರನ್ನ ಕರೀಲೇನು, ಅವರೂ ಒಂದೀಟು ವಿಚಾರಣಿ ಮಾಡ್ಲಿ?"

"ಕೂಲಂಕಷ ವಿಚಾರಣೆಯ ನಂತರ ಪೂರ್ತಿ ಮನವರಿಕೆಯಾಗಿದೆ" ಎಂದು ಬರೆದು ಸಹಿ ಹಾಕಿದೆ. ಅಕ್ಷರ ದುಂಡಗೇ ಬಂದವು.

ಈಗ ಚೊಳಚಗುಡ್ಡದಲ್ಲಿ ಅವರ ಬಳೆ ಅಂಗಡಿ ಚೆನ್ನಾಗಿ ನಡೆದಿದೆಯಂತೆ. ನನಗೆ ಒಂದೊಂದು ಸಲ ಅನಿಸುತ್ತದೆ: ಆ ಹೆಗಲು, ಆ ಕ್ಯಾಲೆಂಡರು, ಎಲ್ಲ ಅಲ್ಲೇ ನಿಂತು ಹೊಸೆದ ಕಥೆಯೋ ಏನೋ! ಹಾಗೇನಾದರೂ ಆಗಿದ್ದರೆ ನಾನು ಶುದ್ಧ ಮೋಸ ಹೋದೆ. ಅವ್ವ ಮನೆಯಲ್ಲೇ ಇದ್ದಾಳೆ, ನೆನಪೂ ಚುರುಕಾಗಿದೆ. ಒಂದು ಮಾತು ಕೇಳಿದರೆ ಸತ್ಯ ಹೊರಬೀಳುತ್ತದೆ.

ಇನ್ನೂ ಕೇಳಿಲ್ಲ.