ಮೂವರು ರಾಣಿಯರು, ಮೂವರೂ ಗಂಡಸರು

ಮಣ್ಣಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಾನು ವೃತ್ತಿಯಿಂದ ಮಣ್ಣು ಪರೀಕ್ಷೆ ಮಾಡುವ ಇಂಜಿನಿಯರ್. ಮೆಲ್ಬೋರ್ನಿನಲ್ಲಿ ಯಾರೇ ಸೇತುವೆ ಕಟ್ಟಲಿ, ಅದರ ಬುಡದ ಮಣ್ಣು ಮೊದಲು ನನ್ನ ಮೇಜಿನ ಮೇಲೆ ಬಂದು ಕೈಮುಗಿದು ನಿಲ್ಲಬೇಕು. ರೈಲು ಹೊರುವ ಮಣ್ಣನ್ನೇ ಬಲ್ಲವನಿಗೆ ಒಂದು ಗಿಡ ಹೊರುವ ಮಣ್ಣು ಯಾವ ಲೆಕ್ಕ? ಹೀಗೆಂದುಕೊಂಡೇ ನಾನು ಪದ್ಮಾ ಆಂಟಿಗೆ ಮಾತು ಕೊಟ್ಟುಬಿಟ್ಟೆ.

ಪದ್ಮಾ ಆಂಟಿ ನಮ್ಮ ಪಕ್ಕದ ಮನೆಯವರು. ಮೈಸೂರಿನವರು, ರಿಟೈರ್ ಆದ ಹೆರಿಗೆ ಡಾಕ್ಟರ್. ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಇಂಗ್ಲೆಂಡಿನ ಲಿವರ್‌ಪೂಲ್‌ಗೆ ಹೋಗಿ, ಅಲ್ಲಿ ಬಹಳ ವರ್ಷ ಇದ್ದು, ಆಮೇಲೆ ಆಸ್ಟ್ರೇಲಿಯಕ್ಕೆ ಬಂದವರು. ಅಂಕಲ್ ತೀರಿಕೊಂಡ ಮೇಲೆ ಸಿಡ್ನಿಯಲ್ಲಿರುವ ಮಗಳು "ಇಲ್ಲಿಗೇ ಬಾ" ಎಂದು ಹಟ ಹಿಡಿದಿದ್ದಳು. ಹೊಸ ವರ್ಷಕ್ಕೆ ಹೋಗುವುದೆಂದು ಆಂಟಿ ಕೊನೆಗೂ ಒಪ್ಪಿದರು. ಮಗಳ ಮನೆ ಸಿಡ್ನಿಯಲ್ಲಿ ಎಲ್ಲಿದೆ ಎಂದರೆ, ಅಲ್ಲೂ ಒಂದು ಲಿವರ್‌ಪೂಲ್! "ಭೂಮಿ ಗುಂಡಗಿದೆ ಅನ್ನೋದು ಈಗ ಪ್ರೂವ್ ಆಯ್ತು ಕಣಪ್ಪ," ಎಂದು ಆಂಟಿಯೇ ನಗುತ್ತಿದ್ದರು.

ಒಂದು ಏಪ್ರಿಲ್ ಸಂಜೆ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ ಅವರಿಗೆ ಹಳೆಯದೆಲ್ಲ ನೆನಪಾಯಿತು.

"ಅಲ್ಲಿ ಪ್ರತಿ ಕ್ರಿಸ್‌ಮಸ್‌ಗೂ ನಮ್ಮನೆಯವರು ಹಾಲಿ ಕೊಂಬೆ ತರೋರು ಶ್ರೀಧರ. ಮುಳ್ಳು ಚುಚ್ಚಿಸ್ಕೊಂಡು, ಬೈಕೋತಾ ತರೋರು. ಹೊರಗೆ ಎಲ್ಲಾ ಬೋಳು ಮರ, ಸ್ನೋ. ಈ ಒಂದು ಗಿಡ ಮಾತ್ರ ಹಸಿರು ಎಲೆ, ಕೆಂಪು ಹಣ್ಣು ಇಟ್ಕೊಂಡು ನಿಂತಿರೋದು. ಈ ಮನೆ ಬಿಡೋಕೆ ಮುಂಚೆ ಇನ್ನೊಂದ್ಸಲ ಅದನ್ನ ನೋಡ್ಬೇಕು ಅನ್ಸುತ್ತೆ."

ನನಗೆ ಗೊತ್ತಿದ್ದ ಹಾಲಿ ಎಂದರೆ ಹಾಲಿ ಶಾಸಕರು, ಹಾಲಿ ಅಧ್ಯಕ್ಷರು. ಆ ಹೆಸರಿನ ಗಿಡವನ್ನು ಕ್ರಿಸ್‌ಮಸ್ ಕಾರ್ಡಿನ ಮೂಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವನಲ್ಲ. ಆದರೆ ಆಂಟಿಯ ಮುಖ ನೋಡಿ ನನಗೆ ತಡೆಯಲಾಗಲಿಲ್ಲ.

"ಆಂಟಿ, ನೀವು ಚಿಂತಿ ಬಿಡ್ರಿ. ಈ ಕ್ರಿಸ್‌ಮಸ್‌ಗೆ ನಿಮ್ಮ ಬಾಗಲಿಗೆ ಕೆಂಪು ಹಣ್ಣಿನ ಕೊಂಬಿ ನಾ ಕಟ್ತೀನಿ. ನನ್ನ ಮಾತು ಇದು!"

ನನ್ನ ಹೆಂಡತಿ ಗಿರಿಜಾ ಚಹಾದ ಕಪ್ಪು ಎತ್ತಿಕೊಳ್ಳುತ್ತ ಧಾರವಾಡದ ನಿಧಾನದಲ್ಲಿ ಹೇಳಿದಳು. "ಹ್ವಾದ ವರ್ಷ ಹಾಕಿದ ಕೊತ್ತಂಬರಿ ಇನ್ನೂ ಮ್ಯಾಲೆ ಬಂದಿಲ್ಲ. ಮೊದಲ ಅದನ್ನ ಕರೀರಿ."

ಆ ಟೀಕೆಯನ್ನು ನಾನು ಗಮನಕ್ಕೆ ತೆಗೆದುಕೊಳ್ಳಲಿಲ್ಲ.

ಮರುದಿನವೇ ಡ್ಯಾಂಡಿನಾಂಗ್ ಬೆಟ್ಟದ ಕಡೆಯ ಒಂದು ನರ್ಸರಿಗೆ ಹೋದೆ. ಹಾಲಿಗಳು ಸಾಲಾಗಿ ನಿಂತಿದ್ದವು, ಎದೆಯೆತ್ತರ, ಎಲೆಯ ಅಂಚಿನ ತುಂಬ ಮುಳ್ಳು. ಒಂದರ ಚೀಟಿಯಲ್ಲಿ "ಸಿಲ್ವರ್ ಕ್ವೀನ್" ಎಂದಿತ್ತು. ಕೆಳಗೆ, ಎಂಥ ಚಳಿಯನ್ನೂ ತಡೆಯುತ್ತದೆ, ವರ್ಷವಿಡೀ ಹಸಿರು ಎಂದಿತ್ತು. ಪಕ್ಕದಲ್ಲಿ "ಗೋಲ್ಡನ್ ಕಿಂಗ್" ಎಂಬುದೂ ಇತ್ತು. ನಾನು ತರ್ಕ ಮಾಡಿದೆ. ನಮಗೆ ಬೇಕಾದದ್ದು ಹಣ್ಣು. ಹೆರುವುದು ಹೆಣ್ಣು. ರಾಜನನ್ನು ಕಟ್ಟಿಕೊಂಡು ಏನು ಮಾಡುವುದು? ರಾಣಿಯನ್ನು ಎತ್ತಿಕೊಂಡೆ.

ಕೌಂಟರಿನಲ್ಲಿದ್ದ ಗಡ್ಡದವನು ಗಿಡ ನೋಡಿ, "ಇಟ್ ನೀಡ್ಸ್ ಎ ಮೇಟ್, ಮೇಟ್!" ಎಂದ.

ಈ ದೇಶದಲ್ಲಿ ಮೇಟ್ ಎಂದರೆ ಗೆಳೆಯ. ಬಸ್ ಡ್ರೈವರ್‌ಗೆ ನಾನು ಮೇಟ್, ಹಲ್ಲಿನ ಡಾಕ್ಟರಿಗೆ ಮೇಟ್, ದಂಡ ಹಾಕುವ ಪೊಲೀಸನಿಗೂ ಮೇಟ್. ಇಷ್ಟು ವರ್ಷ ಮೇಟ್ ಎನ್ನಿಸಿಕೊಂಡವನಿಗೆ ಆ ಪದದ ಅರ್ಥ ಗೊತ್ತಿಲ್ಲವೇ? ಪಾಪ, ಒಂಟಿ ಗಿಡಕ್ಕೆ ಬೇಸರವಾಗುತ್ತದೆ, ಗೆಳತಿ ಬೇಕು ಎನ್ನುತ್ತಿದ್ದಾನೆ ಎಂದು ನನ್ನ ಮನಸ್ಸು ಕರಗಿತು. ಒಬ್ಬಳು ಗೆಳತಿ ಯಾಕೆ, ಇಬ್ಬರಿರಲಿ ಎಂದು ಇನ್ನೆರಡು ಸಿಲ್ವರ್ ಕ್ವೀನ್ ತಂದೆ. ಗಡ್ಡದವನು ಏನೋ ಹೇಳಲು ಬಾಯಿ ತೆರೆದ. ನಾನು "ಥ್ಯಾಂಕ್ಸ್ ಮೇಟ್" ಎಂದು ಹೊರಟೇಬಿಟ್ಟೆ.

ಆಂಟಿಯ ಅಡುಗೆಮನೆಯ ಕಿಟಕಿಗೆ ಕಾಣುವಂತೆ ಬೇಲಿಯ ಪಕ್ಕ ಮೂವರು ರಾಣಿಯರ ಪ್ರತಿಷ್ಠಾಪನೆಯಾಯಿತು. ಆಂಟಿ ದಿನಾ ಕಿಟಕಿಯಿಂದ ಕೈ ಬೀಸುತ್ತಿದ್ದರು. ನನಗೋ ಗಿಡಗಳಿಗೋ ಎಂದು ನಾನು ಕೇಳಲಿಲ್ಲ.

ಜೂನ್ ಬಂತು. ಬೆಳಗ್ಗೆ ಎದ್ದರೆ ಹುಲ್ಲಿನ ಮೇಲೆಲ್ಲ ಬೆಳ್ಳಗೆ ಮಂಜು ಗಟ್ಟಿಯಾಗಿರುತ್ತಿತ್ತು. ಚಳಿ ತಡೆಯುತ್ತದೆ ಎಂದು ಚೀಟಿಯಲ್ಲಿ ಬರೆದಿತ್ತು, ನಿಜ. ಆದರೆ ತಡೆದುಕೊಳ್ಳುತ್ತದೆ ಎಂದ ಮಾತ್ರಕ್ಕೆ ತಡೆದುಕೊಳ್ಳಲಿ ಎಂದು ಬಿಡುವುದು ಮನುಷ್ಯತ್ವವೇ? ಕಪಾಟಿನಲ್ಲಿ ಅತ್ತೆಯವರು ಕೈಯಾರೆ ಹೊಲಿದುಕೊಟ್ಟ ಕೌದಿ ಇತ್ತು. ಹಳೇ ಇಳಕಲ್ ಸೀರೆಗಳ ತುಂಡು ಜೋಡಿಸಿ ಹೊಲಿದದ್ದು. ತೆಗೆದುಕೊಂಡು ಹೋಗಿ ನಡುವಿನ ರಾಣಿಗೆ ಬೆಚ್ಚಗೆ ಹೊದಿಸಿದೆ.

ಹೊದಿಸುವುದು ಸುಲಭವಾಗಿತ್ತು. ತೆಗೆಯುವುದು? ಒಂದೊಂದು ಎಲೆಯೂ ತನ್ನೆಲ್ಲ ಮುಳ್ಳುಗಳಿಂದ ಕೌದಿಯನ್ನು ಅಪ್ಪಿಕೊಂಡಿತ್ತು. ನಾನು ಎಳೆದೆ. ಅದು ಬಿಡಲಿಲ್ಲ. ಇನ್ನೂ ಜೋರಾಗಿ ಎಳೆದೆ. ಪರ್ ಎಂದಿತು!

ಶಬ್ದಕ್ಕೆ ಗಿರಿಜಾ ಹೊರಗೆ ಬಂದಳು. ಕೌದಿ ನೋಡಿದಳು, ನನ್ನನ್ನು ನೋಡಿದಳು.

"ಅಲ್ರೀ, ಹಿಮದಾಗ ನಿಲ್ಲೋ ಗಿಡಕ್ಕ ನಮ್ಮವ್ವನ ಕೌದಿ ಹೊಚ್ಚೀರಿ? ನನಗ ಥಂಡಿ ಅಂದ್ರ 'ಹೀಟರ್ ಬಂದ್ ಮಾಡು, ಬಿಲ್ ಬರ್ತದ' ಅಂತೀರಿ!"

ಇನ್ನು ಮುಂದೆ ಗಿಡಕ್ಕೆ ಏನನ್ನೂ ಹೊದಿಸುವುದಿಲ್ಲ ಎಂದು ಆಣೆ ಮಾಡಿದೆ. ಈ ಆಣೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಕ್ಟೋಬರಿನಲ್ಲಿ ರಾಣಿಯರು ಹೂ ಬಿಟ್ಟರು. ಸಣ್ಣ ಬಿಳಿ ಹೂ, ಗೊಂಚಲು ಗೊಂಚಲು. ನಾನು ಹೂವೇ ಹಣ್ಣಾದಷ್ಟು ಸಂಭ್ರಮದಿಂದ ಆಂಟಿಯನ್ನು ಕರೆದೆ. ಅವರು ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಹಿಡಿದು ಬಂದರು. ಮೊದಲ ಗಿಡದ ಹೂವನ್ನು ತಿರುಗಿಸಿ ನೋಡಿದರು. ಎರಡನೆಯದನ್ನು ನೋಡಿದರು. ಮೂರನೆಯದಕ್ಕೆ ಬರುವ ಹೊತ್ತಿಗೆ ಅವರ ಮುಖದಲ್ಲಿ ಪೂರ್ತಿ ಡಾಕ್ಟರ್ ಕಳೆ ಬಂದಿತ್ತು.

"ಶ್ರೀಧರ, ಮನಸ್ಸು ಗಟ್ಟಿ ಮಾಡ್ಕೋ."

"ಯಾಕ್ರಿ ಆಂಟಿ? ರೋಗ ಏನರೆ ಬಂದದೇನ್ರಿ?"

"ರೋಗ ಅಲ್ಲ ಕಣಪ್ಪ. ಗಂಡು! ಮೂರೂ ಗಂಡು. ಬರೀ ಪರಾಗ ಇದೆ, ನಡುವೆ ಕಾಯಿ ಕಟ್ಟೋ ಜಾಗವೇ ಇಲ್ಲ. ಎಷ್ಟೋ ಹೆರಿಗೆ ಮಾಡಿಸಿದೀನಿ, ಈ ವಿಷಯದಲ್ಲಿ ನನ್ನ ಕಣ್ಣು ತಪ್ಪಲ್ಲ."

"ಹೆಸರು ರಾಣಿ ಅಂತ ಐತ್ರಿ!"

"ಹೆಸರು ನೋಡಿ ಡಯಾಗ್ನೋಸ್ ಮಾಡ್ತಾರೇನಪ್ಪ?"

ಗಿರಿಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಅವಳ ನಗು ಮಾತ್ರ ಹೊರಗೇ ಉಳಿಯಿತು.

ನರ್ಸರಿಗೆ ಓಡಿದೆ. ಗಡ್ಡದವನು ನನ್ನನ್ನು ನೆನಪಿಟ್ಟಿದ್ದ. ಹಾಲಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ, ಮೇಟ್ ಎಂದರೆ ಗೆಳೆಯ ಅಲ್ಲ, ಜೋಡಿ ಎಂದು ವಿವರಿಸಿದ. ಹೆಸರಿಟ್ಟವರ ತಮಾಷೆಯೋ ಏನೋ, ಸಿಲ್ವರ್ ಕ್ವೀನ್ ಗಂಡು, ಗೋಲ್ಡನ್ ಕಿಂಗ್ ಹೆಣ್ಣು! ಹೂ ಬಿಟ್ಟಿದ್ದ ರಾಜನನ್ನು, ಅಂದರೆ ರಾಣಿಯನ್ನು, ಕಾರಿಗೆ ಹಾಕುವಾಗ ಅವನು ಕೊನೆಯ ಮಾತು ಹೇಳಿದ. ಹಣ್ಣು ಕೆಂಪಾಗುವುದು ಚಳಿಗಾಲಕ್ಕೆ.

ನನಗೆ ಅಲ್ಲೇ ತಲೆ ತಿರುಗಿತು. ಕಾರ್ಡಿನಲ್ಲಿ ಹಣ್ಣು ಕೆಂಪಗಿರುವುದು ಇಂಗ್ಲೆಂಡಿನ ಡಿಸೆಂಬರಿನಲ್ಲಿ. ನಮ್ಮ ಡಿಸೆಂಬರಿನಲ್ಲಿ ಬೆವರು ಸುರಿಯುತ್ತದೆ! ನಮ್ಮ ಚಳಿಗಾಲ ಜೂನ್. ಆಂಟಿ ಜನವರಿಗೇ ಹೊರಟು ಹೋಗಿರುತ್ತಾರೆ. ಇಷ್ಟು ವರ್ಷ ಈ ದೇಶದಲ್ಲಿ ಬಿಸಿಲಲ್ಲೇ ಕ್ರಿಸ್‌ಮಸ್ ಕಳೆದವನಿಗೆ ಇದು ಹೊಳೆದಿರಲಿಲ್ಲ. ಮಾತು ಕೊಡುವಾಗ ನನ್ನ ಕಣ್ಣ ಮುಂದೆ ಆಂಟಿಯ ಹಿಮವಿತ್ತೇ ಹೊರತು ನನ್ನ ಕಾಲ ಕೆಳಗಿನ ನೆಲ ಇರಲಿಲ್ಲ.

ಆಗಲೇ ಹೋಗಿ ಆಂಟಿಗೆ ಇದ್ದದ್ದು ಇದ್ದಂತೆ ಹೇಳಬಹುದಿತ್ತು. ಹೇಳಲಿಲ್ಲ. ಜೇನುನೊಣಗಳು ತಮ್ಮ ಕೆಲಸ ಮಾಡಿದವು. ಗಂಡುಗಳು ಮೂರಿದ್ದವಲ್ಲ, ಗಿರಿಜಾ ಅದಕ್ಕೆ ಸ್ವಯಂವರ ಎಂದು ಹೆಸರಿಟ್ಟಳು. ಡಿಸೆಂಬರಿಗೆ ಕಾಯಿಗಳು ಬಂದವು. ಹಸಿರು. ಬಟಾಣಿಯಂಥ ಅಪ್ಪಟ ಹಸಿರು.

ಕ್ರಿಸ್‌ಮಸ್ ಬೆಳಗ್ಗೆ ನಾನು ದೇವರ ಮನೆಯಿಂದ ಕುಂಕುಮದ ಬಟ್ಟಲು ತಂದೆ. ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಹತ್ತಿಕಡ್ಡಿಯಿಂದ ಒಂದೊಂದೇ ಕಾಯಿಗೆ ಹಚ್ಚಿದೆ. ದೂರದಿಂದ ನೋಡಿದರೆ ಕಾರ್ಡಿನಲ್ಲಿದ್ದಂತೆಯೇ ಇತ್ತು. ಕೊಂಬೆಯನ್ನು ಆಂಟಿಯ ಬಾಗಿಲಿಗೆ ಕಟ್ಟಿ, ಕರೆಗಂಟೆ ಒತ್ತಿ, ವಿನಯದಿಂದ ನಿಂತೆ.

ಆದರೆ ಅಂದಿನ ಬಿಸಿಲು ಸಾಮಾನ್ಯದ್ದಾಗಿರಲಿಲ್ಲ. ಎಣ್ಣೆ ಇಳಿಯತೊಡಗಿತು. ಆಂಟಿ ಬಾಗಿಲು ತೆರೆಯುವ ಹೊತ್ತಿಗೆ ಬಿಳಿ ಬಾಗಿಲ ಮೇಲೆ ಕೆಂಪು ಧಾರೆ ಹರಿದು ಕಾಲೊರೆಸಿಗೆ ತೊಟ್ಟಿಕ್ಕುತ್ತಿತ್ತು.

"ಅಯ್ಯೋ, ಇಷ್ಟೊಂದು ಬ್ಲಡ್ ಲಾಸ್! ಸ್ಟಿಚ್ ಹಾಕ್ಬೇಕೇನಪ್ಪ?" ಎಂದರು ಆಂಟಿ.

ಒಂದು ಕಾಯಿಯನ್ನು ಮುಟ್ಟಿದರು. ಕೆಂಪು ಬೆರಳಿಗೆ ಬಂತು, ಕೆಳಗಿನ ಹಸಿರು ಕಂಡಿತು. ಅವರು ಬೈಯಲಿಲ್ಲ. ಬೆರಳಿನ ಕುಂಕುಮವನ್ನು ಹಣೆಗೆ ಇಟ್ಟುಕೊಂಡು, "ಹ್ಯಾಪಿ ಕ್ರಿಸ್‌ಮಸ್ ಕಣಪ್ಪ," ಎಂದು ನಕ್ಕರು. ನಾನೂ ನಕ್ಕೆ. ಆದರೆ ಅವರು ಒಳಗೆ ಹೋಗುವಾಗ ಮತ್ತೊಮ್ಮೆ ತಿರುಗಿ ಆ ಕೊಂಬೆಯನ್ನು ನೋಡಿದರಲ್ಲ, ಆಗ ನನಗೆ ಬಹಳ ನಾಚಿಕೆಯಾಯಿತು. ಕೆಂಪು ಬಣ್ಣ ಕೇಳಿದವರಲ್ಲ ಅವರು. ಜನವರಿಯಲ್ಲಿ ಸಾಮಾನಿನ ಟ್ರಕ್ಕು ಬಂತು, ಆಂಟಿ ಸಿಡ್ನಿಗೆ ಹೋದರು.

ಅವರ ಕಿಟಕಿ ಖಾಲಿಯಾದ ಮೇಲೆ ನಾನು ಗಿಡಗಳ ಕಡೆ ಹೋಗುವುದನ್ನೇ ಕಡಿಮೆ ಮಾಡಿದೆ. ಗಿಡಗಳಿಗೆ ಅದರಿಂದ ಒಳ್ಳೆಯದೇ ಆಯಿತು. ಮೇ ಕಳೆದು ಜೂನ್ ಬಂದಾಗ ಹಣ್ಣು ಕೆಂಪಾದವು. ನಿಜವಾದ ಕೆಂಪು, ಒರೆಸಿದರೂ ಹೋಗದ್ದು! ಕೂಡಲೇ ಸಿಡ್ನಿಗೆ ಇಬ್ಬರಿಗೂ ಟಿಕೆಟ್ ಬುಕ್ ಮಾಡಿದೆ. ಹೊರಡುವ ಬೆಳಗ್ಗೆಯೇ ಕತ್ತರಿಸೋಣ, ಕೊಂಬೆ ತಾಜಾ ಇರಲಿ ಎಂದುಕೊಂಡೆ. ಹೊರಡುವ ಬೆಳಗ್ಗೆ ಕತ್ತರಿ ಹಿಡಿದು ಹೋದರೆ, ಒಂದು ಹಣ್ಣೂ ಇಲ್ಲ.

ಬೇಲಿಯ ಮೇಲೆ ಹಕ್ಕಿಗಳು ಹೊಟ್ಟೆ ತುಂಬಿ ಸಾಲಾಗಿ ಕೂತಿದ್ದವು. ಹೊದಿಕೆ ಬೇಡವಾಗಿದ್ದ ವರ್ಷ ಕೌದಿ ಹೊದಿಸಿದೆ. ಹೊದಿಸಬೇಕಾದ ವರ್ಷ ಆಣೆ ಪಾಲಿಸಿದೆ! ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ನಿಜಕ್ಕೂ ಅಳು ಬಂದಿತ್ತು.

"ಹಿಂದಿನ ಬಾಜೂ ನೋಡೀರೇನು?" ಎಂದಳು ಗಿರಿಜಾ.

ಗಿಡದ ಹಿಂದೆ, ಬೇಲಿಯ ಕಡೆಗೆ, ಒಂದು ಕೊಂಬೆಗೆ ಉಳ್ಳಾಗಡ್ಡಿ ತರುವ ಬಲೆಯ ಚೀಲ ಕಟ್ಟಿತ್ತು. ಒಳಗೆ ಕೆಂಪು ಹಣ್ಣುಗಳು ಮಿನುಗುತ್ತಿದ್ದವು.

"ಯಾವಾಗ ಕಟ್ಟಿದಿ?"

"ಹಕ್ಕಿ ಬಂದು ಕುಂತು ನೋಡಾಕತ್ತಿದ್ವು. ನಿಮಗ ಹೇಳಿದ್ರ ಮತ್ತ ಕೌದಿ ತರ್ತಿದ್ರಿ."

ಸಿಡ್ನಿಯ ಲಿವರ್‌ಪೂಲ್‌ನಲ್ಲಿ ಆ ದಿನ ತಣ್ಣನೆ ಗಾಳಿ ಬೀಸುತ್ತಿತ್ತು. ಆಂಟಿ ಶಾಲು ಹೊದ್ದು ಬಾಗಿಲು ತೆರೆದರು. ನಾನು ಕೊಂಬೆ ಮುಂದೆ ಚಾಚಿದೆ. ಅವರು ಅಭ್ಯಾಸದಂತೆ ಮೊದಲು ಒಂದು ಹಣ್ಣನ್ನು ಉಜ್ಜಿ ನೋಡಿದರು. ಬೆರಳಿಗೆ ಏನೂ ಹತ್ತಲಿಲ್ಲ. ಕೊಂಬೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಡಿಸೆಂಬರ್ ಅಲ್ಲ ಕಣಪ್ಪ ಕ್ರಿಸ್‌ಮಸ್ ಅಂದ್ರೆ ನಂಗೆ," ಎಂದರು. "ಹೊರಗೆ ಹಿಂಗೆ ಚಳಿ, ಬಾಗಿಲಲ್ಲಿ ಇದನ್ನ ಹಿಡ್ಕೊಂಡು ಯಾರೋ ನಿಂತಿರೋದು."

ಗಿರಿಜಾ ಚೀಲದ ಕಥೆಯನ್ನೆಲ್ಲ ಹೇಳಿದಳು. ಆಂಟಿ ಅವಳ ಬೆನ್ನು ತಟ್ಟಿ, "ನಿಂದು ಒಳ್ಳೆ ಕೈಗುಣ ಕಣಮ್ಮ," ಎಂದರು. ನಾನು ಸ್ವಲ್ಪ ಕೆಮ್ಮಿದೆ. ಆಗ ಅವರು ನನ್ನ ಕೈಯನ್ನೂ ಎಳೆದು ನೋಡಿದರು. ತುಂಬ ಮುಳ್ಳಿನ ಗೀರು.

"ನಮ್ಮನೆಯವರ ಕೈನೂ ಥೇಟ್ ಹಿಂಗೇ ಇರೋದು," ಎಂದರು. ಅವರ ದನಿ ಒದ್ದೆಯಾಗಿತ್ತು. ನನ್ನ ಎದೆ ಉಬ್ಬಿತು.

"ಗ್ಲೌಸ್ ಹಾಕ್ಕೋಬೇಕು ಅನ್ನೋ ಬುದ್ಧಿ ಅವರಿಗೂ ಇರ್ಲಿಲ್ಲ."

ಈಗ ನಮ್ಮ ತೋಟದ ಹಾಲಿ ಅಧ್ಯಕ್ಷೆ ಗಿರಿಜಾ. ನಾನು ಮಾಜಿ. ಅವಳು ಹೇಳಿದ ದಿನ, ಹೇಳಿದಷ್ಟೇ ನೀರು ಹಾಕುವ ಅಧಿಕಾರ ನನಗಿದೆ. ಮೂವರು ರಾಣಿಯರ ಜೊತೆ ನಾಲ್ಕನೆಯ ಗಂಡಸಾಗಿ ಬೇಲಿಯ ಪಕ್ಕ ಪೈಪು ಹಿಡಿದು ನಿಲ್ಲುತ್ತೇನೆ. ಕೊತ್ತಂಬರಿ ಇನ್ನೂ ಬಂದಿಲ್ಲ.