ಮಗಳ ಮನೆಗೆ ಒಂದು ಟಿಕೆಟ್

ಫೋನ್ ಹಿಡಿದು ಬಸ್‌ಸ್ಟಾಂಡಿಗೆ ಹೋದರೆ ಸಾಕು, ನನಗೆ ತಮಾಷೆಯದ್ದು ಏನಾದರೊಂದು ಆಗಿಯೇ ಆಗುತ್ತದೆ. ಜನರಿಗೆ ಆ್ಯಪ್ ಬಳಸಲು ಕಲಿಸಿ ಬಂದದ್ದಕ್ಕಿಂತ ನಕ್ಕು ಬಂದದ್ದೇ ಹೆಚ್ಚು.

ಚಾಮರಾಜನಗರ, ಗುಂಡ್ಲುಪೇಟೆ ಕಡೆ ಬಸ್ ಓಡಿಸುವ ಟ್ರಾವೆಲ್ಸ್ ಒಂದರ ಬುಕಿಂಗ್ ಆ್ಯಪು, ವೆಬ್‌ಸೈಟು ಎರಡನ್ನೂ ಹೊಸದಾಗಿ ರೂಪಿಸುವ ಕೆಲಸ ನನ್ನದಾಗಿತ್ತು. ಹಳೆಯದನ್ನು ಊರಿನವರು ಮುಟ್ಟುತ್ತಲೇ ಇರಲಿಲ್ಲ. "ಇದನ್ನೂ ಮುಟ್ಟಲಿಲ್ಲ ಅಂದ್ರೆ ಆ್ಯಪೇ ಮುಚ್ಚಿಬಿಡ್ತೀನಿ ಮೇಡಂ" ಅಂತ ಮಾಲೀಕರು ಮೊದಲೇ ಹೇಳಿದ್ದರು.

ಎಲ್ಲಿಗೆ?

ಸಂತೆಮರಹಳ್ಳಿಯಲ್ಲಿ ತರಕಾರಿ ಚೀಲದ ಮೇಲೆ ಕೂತಿದ್ದ ಒಬ್ಬ ಹೆಂಗಸಿಗೆ, ಹೊಸ ಆ್ಯಪ್ ಬಳಸಿ ನೋಡಲೆಂದು ಫೋನ್ ಕೊಟ್ಟೆ. 'ಎಲ್ಲಿಗೆ?' ಎಂದಿದ್ದ ಕಡೆ ಒಂದೊಂದೇ ಅಕ್ಷರ ಒತ್ತಿ 'ಮಗಳ ಮನೆ' ಎಂದು ಬರೆದರು. 'ಇಂಥ ಸ್ಥಳ ಇಲ್ಲ' ಎಂದಿತು ಆ್ಯಪ್.

"ಇಲ್ವಂತಾ? ನಾನೇ ನೋಡಿ, ನಾನೇ ಮದ್ವೆ ಮಾಡಿ ಕಳ್ಸಿವ್ನಿ! ಇಲ್ಲ ಅಂತದಲ್ಲವ್ವ ಇದು!"

ಅವರು ಹೇಳಿದ್ದೇ ಸರಿ. ಬಸ್ಸು ಹರವೆ ಎಂಬ ಊರಿಗೆ ಹೋಗುತ್ತದೆ, ಅವರು ಹೋಗುವುದು ಮಗಳ ಮನೆಗೆ. ಯಾವ ಊರಿಗೆ ಬೇಕಾದರೂ ಜನ ತಮ್ಮದೇ ಹೆಸರಿಡುವ ಸೌಲಭ್ಯ ಸೇರಿಸಿದೆ. ಮುಂದಿನ ಸಲ ಸಿಕ್ಕಾಗ ಅವರ ಫೋನ್ ನೋಡಿದೆ. ಅಳಿಯನ ಜೊತೆ ಜಗಳವಾಗಿತ್ತಂತೆ. ಹರವೆಯ ಹೆಸರು 'ಅವನ ಮನೆ' ಅಂತಾಗಿತ್ತು.

ಟವೆಲ್

ಗುಂಡ್ಲುಪೇಟೆಯಲ್ಲಿ ಟೈಲರ್ ಸಾಹೇಬರೊಬ್ಬರಿಗೆ ಸೀಟಿನ ನಕ್ಷೆ ತೋರಿಸಿ, "ಹಸಿರು ಖಾಲಿ, ಬೂದು ಬುಕ್ ಆಗಿರೋದು" ಅಂತ ವಿವರಿಸಿದೆ.

"ಬಣ್ಣ ಬಿಡಿ ಮೇಡಂ, ಟವೆಲ್ ಎಲ್ಲಿ?" ಎಂದವರೇ, ಆಗ ತಾನೇ ಬಂದ ಬಸ್ಸಿನ ಕಿಟಕಿಯೊಳಗೆ ತಮ್ಮ ಟವೆಲ್ ಎಸೆದು ಸೀಟು ಹಿಡಿದರು.

ಎಂಥ ಐಡಿಯಾ! ಬುಕ್ ಆದ ಸೀಟಿನ ಮೇಲೆಲ್ಲ ಟವೆಲ್ ಚಿತ್ರ ಹಾಕಿದೆ. ಆಮೇಲೆ ಯಾರಿಗೂ ವಿವರಿಸುವ ಕೆಲಸವೇ ಬೀಳಲಿಲ್ಲ. ಸಾಹೇಬರೂ ಮೆಚ್ಚಿಕೊಂಡರು. ಒಂದೇ ಒಂದು ಪ್ರಶ್ನೆ ಉಳಿದಿತ್ತು: "ಈ ಟವೆಲ್ ಎತ್ತಿ ಪಕ್ಕಕ್ಕಿಟ್ಟು ಕೂತ್ಕೊಳ್ಳೋಕೆ ಎಲ್ಲಿ ಒತ್ತಬೇಕು?"

ಕೊನೆಯ ಪರೀಕ್ಷೆ

ಓದಲು ಬಾರದವರಿಗೆಂದು ಮಾತಾಡುವ ಆ್ಯಪ್ ಮಾಡಿದ್ದೆವು. ಮಾಲೀಕರ ಎದುರೇ ಪರೀಕ್ಷೆ. ಟಿಕೆಟ್ ಕೇಳಲು ಆಫೀಸಿಗೆ ಬಂದಿದ್ದ ಅಜ್ಜಿಯೊಬ್ಬರ ಕೈಗೆ ಫೋನ್ ಇಟ್ಟೆ.

"ನಮಸ್ಕಾರ, ಎಲ್ಲಿಗೆ ಹೋಗಬೇಕು?" ಎಂದಿತು ಹುಡುಗಿಯ ದನಿ.

ಅಜ್ಜಿಯ ಮುಖ ಅರಳಿತು. "ಎಷ್ಟ್ ಚೆಂದಾಗಿ ಮಾತಾಡ್ತಾಳೆ! ಊಟ ಆಯ್ತಾ ಕಣಮ್ಮಿ?"

"ಊಟಿಗೆ ಒಂದು ಟಿಕೆಟ್. ಸರಿಯೇ?"

"ಊಟಿ ಅಲ್ಲ ಕಣಮ್ಮಿ, ಊಟ, ಊಟ!"

"ಊಟಿಗೆ ಎರಡು ಟಿಕೆಟ್. ಸರಿಯೇ?"

ಮಾಲೀಕರ ಹುಬ್ಬು ಗಂಟಾಯಿತು. ಕೆಲಸ ಕೆಟ್ಟಿತು ಅಂದುಕೊಂಡೆ. ಅಜ್ಜಿ ಮಾತ್ರ ಒಂದು ಗಳಿಗೆ ಯೋಚಿಸಿ, "ಸರಿ, ಮಾಡ್ಬುಡು. ಇಷ್ಟ್ ಹತ್ರ ಇದ್ರೂವೆ ನಾನು ಊಟಿ ನೋಡ್ನಿಲ್ಲ" ಅಂದರು.

ಮಾಲೀಕರು ಬಿದ್ದು ಬಿದ್ದು ನಕ್ಕರು. "ಆ್ಯಪ್ ಇರ್ಲಿ ಮೇಡಂ. ನಮ್ಮ ಏಜೆಂಟ್ರೂ ಹಿಂಗೆ ಟಿಕೆಟ್ ಮಾರಿಲ್ಲ!"

ನಾನು ಸಮಾಧಾನದ ಉಸಿರು ಬಿಟ್ಟು, "ಅಜ್ಜಿ, ಎರಡು ಟಿಕೆಟ್ ಆಗೋಗಿದೆ. ಒಂದು ಕ್ಯಾನ್ಸಲ್ ಮಾಡ್ಲಾ?" ಅಂದೆ.

"ಬ್ಯಾಡ ಬುಡವ್ವ. ಈ ಹುಡ್ಗಿನೂ ಬರ್ಲಿ. ಎಷ್ಟ್ ಕೇಳುದ್ರೂ ಊಟ ಆಯ್ತು ಅನ್ನಾಕಿಲ್ಲ, ಹಸ್ಕೊಂಡವ್ಳೆ ಪಾಪ!"